ತೂಕ ಜಾಸ್ತಿ ಇದೆಯೇ? ನೋವಿನ ಔಷಧಿ ಇಲ್ಲದ ಹೆರಿಗೆಗೆ ಹೀಗೆ ತಯಾರಾಗಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ನನ್ನ ತೂಕ ಜಾಸ್ತಿ ಇದೆ. ನೋವು ಕಡಿಮೆ ಮಾಡುವ ಇಂಜೆಕ್ಷನ್ ಇಲ್ಲದೆ, ನನ್ನ ಶಕ್ತಿಯಿಂದಲೇ ಹಡೆಯಬೇಕು ಅಂತ ಆಸೆ. ಆಗುತ್ತಾ?" ತುಂಬಾ ಜನರಿಗೆ ಆಗುತ್ತದೆ. ಆದರೆ ಅದು ತಾನಾಗಿ ಆಗಲಿ ಎಂದು ಸುಮ್ನೆ ಕೂರುವಂತಿಲ್ಲ. ಐದನೇ ತಿಂಗಳಿಂದಲೇ ಕೆಲವು ಕೆಲಸ ಶುರು ಮಾಡಬೇಕು.

ಮೊದಲು ಒಂದು ಮಾತು. ನಮ್ಮ ಕಡೆ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಸಣ್ಣ ನಳಿಕೆ ಹಾಕಿ ಸೊಂಟದ ಕೆಳಗಿನ ನೋವು ಮರೆಸುವ ವಿಧಾನ, ಇಂದಿಗೂ ಎಲ್ಲ ಕಡೆ ಸಿಗುವುದಿಲ್ಲ. ಹೆಚ್ಚಿನ ಹೆಂಗಸರು ಅದಿಲ್ಲದೆಯೇ ಬ್ಯಾನಿ (ಹೆರಿಗೆ ನೋವು) ತಿಂದು ಹಡೆಯುತ್ತಾರೆ. ಹಾಗಾಗಿ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಬೇರೆ: ನಿಮ್ಮ ತೂಕ ನೋಡಿದ ಕೂಡಲೇ "ಸಿಸೇರಿಯನ್ ಮಾಡಿಬಿಡೋಣ" ಅನ್ನದೆ, ನೋವು ಬರುವವರೆಗೆ ಕಾಯುತ್ತಾರಾ? ಬಂದ ಮೇಲೆ ಓಡಾಡಲು ಬಿಡುತ್ತಾರಾ? ಏನಾದರೂ ತೊಂದರೆಯಾದರೆ ಅಲ್ಲೇ ಎಲ್ಲ ವ್ಯವಸ್ಥೆ ಇದೆಯಾ? ನನ್ನ ಸಲಹೆ ಸರಳ. ಎಲ್ಲ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ, ಅಲ್ಲಿ ನಿಮಗೆ ಬೇಡದ್ದನ್ನು ಬೇಡ ಅನ್ನಿ. ಸೌಲಭ್ಯವೇ ಇಲ್ಲದ ಕಡೆ ಹೋಗುವುದಾಗಲಿ, ಮನೆಯಲ್ಲೇ ಹೆರಿಗೆ ಮಾಡಿಕೊಳ್ಳುವುದಾಗಲಿ ತೂಕ ಜಾಸ್ತಿ ಇರುವವರಿಗೆ ಸರಿಯಲ್ಲ.

1. ನಿಮ್ಮ ಲೆಕ್ಕ ನೀವೇ ತಿಳಿದುಕೊಳ್ಳಿ

ವೈದ್ಯರು ನೋಡುವುದು ಬಿ.ಎಂ.ಐ. ತೂಕವನ್ನು (ಕೆಜಿಯಲ್ಲಿ) ಎತ್ತರದಿಂದ (ಮೀಟರ್‌ನಲ್ಲಿ) ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. ಗರ್ಭಿಣಿಯಾಗುವ ಮೊದಲಿನ ಅಥವಾ ಮೊದಲ ಮೂರು ತಿಂಗಳ ತೂಕ ಹಿಡಿಯಿರಿ. ಎತ್ತರ 1.55 ಮೀಟರ್, ತೂಕ 78 ಕೆಜಿ ಇದ್ದರೆ ಸುಮಾರು 32.5 ಬರುತ್ತದೆ. 30 ದಾಟಿದರೆ ಜಾಸ್ತಿ ನಿಗಾ ಬೇಕು. 40 ದಾಟಿದರೆ ದೊಡ್ಡ ಆಸ್ಪತ್ರೆಯೇ ಬೇಕು, ಅದರಲ್ಲಿ ಚೌಕಾಸಿ ಬೇಡ.

ತೂಕ ಜಾಸ್ತಿ ಇದ್ದಾಗ ಬಸುರಿಯ ಸಕ್ಕರೆ, ರಕ್ತದೊತ್ತಡ, ಹೆರಿಗೆ ನಂತರದ ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಇವೆಲ್ಲ ಬರುವ ಸಾಧ್ಯತೆ ಹೆಚ್ಚು. ಸಿಸೇರಿಯನ್ ಸಾಧ್ಯತೆಯೂ ಹೆಚ್ಚು. ಆದರೆ ತೂಕ ಒಂದೇ ಸಿಸೇರಿಯನ್‌ಗೆ ಕಾರಣವಲ್ಲ. ಆಪರೇಶನ್ ಆದರೆ ಗಾಯ ಕೀವಾಗುವುದು, ಹೆಪ್ಪುಗಟ್ಟುವುದು ತೂಕ ಇರುವವರಲ್ಲೇ ಜಾಸ್ತಿ. ಆದ್ದರಿಂದ ಸಹಜ ಹೆರಿಗೆಗೆ ಪ್ರಯತ್ನಿಸುವುದಕ್ಕೆ ನಿಮಗೆ ಒಳ್ಳೆಯ ಕಾರಣವೇ ಇದೆ.

ಕೆಲವರು ಈ ಪ್ಲಾನ್ ಕೈಬಿಡಬೇಕು: ಮಾಸು (ಪ್ಲಾಸೆಂಟಾ) ಗರ್ಭದ ಬಾಯಿಗೆ ಅಡ್ಡ ಇರುವವರು, ದಿನ ತುಂಬಿದಾಗಲೂ ಕೂಸು ಅಡ್ಡ ಮಲಗಿರುವವರು, ಬಿ.ಪಿ. ಹತೋಟಿಗೆ ಬಾರದವರು. ಹಿಂದೆ ಸಿಸೇರಿಯನ್ ಆಗಿದ್ದರೆ ವೈದ್ಯರು ಒಪ್ಪಿದರೆ ಮಾತ್ರ, ಅದೂ 24 ತಾಸು ಆಪರೇಶನ್ ಥಿಯೇಟರ್ ಇರುವ ಕಡೆ ಮಾತ್ರ.

2. ತಪಾಸಣೆ ತಪ್ಪಿಸಬೇಡಿ, ಬಿ.ಪಿ. ಪಟ್ಟಿಯ ಅಳತೆ ಕೇಳಿ

ತಾಯಿ ಕಾರ್ಡ್ ಮಾಡಿಸಿಕೊಂಡಿದ್ದೀರಿ ಅಲ್ವಾ? ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಇಂದೇ ಕಾಣಿ. ಖಾಸಗಿ ವೈದ್ಯರ ಹತ್ತಿರ ತೋರಿಸುತ್ತಿದ್ದರೂ ಕಾರ್ಡ್ ಇರಲಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ.

ಸಕ್ಕರೆ ಪರೀಕ್ಷೆ ಎರಡು ಸಲ ಬೇಕು. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ, ಎರಡು ತಾಸಿನ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಬಸುರಿಯ ಸಕ್ಕರೆ. ಮೊದಲನೆಯದು ಸರಿ ಬಂತು ಎಂದು ಎರಡನೆಯದನ್ನು ಬಿಡುವವರೇ ಜಾಸ್ತಿ. ಬಿಡಬೇಡಿ. ಸಕ್ಕರೆ ಹತೋಟಿಯಲ್ಲಿದ್ದರೆ ಕೂಸು ಅತಿಯಾಗಿ ದಪ್ಪಗಾಗುವುದಿಲ್ಲ, ಸಹಜ ಹೆರಿಗೆಯ ದಾರಿ ತೆರೆದೇ ಇರುತ್ತದೆ.

ಇನ್ನು ಬಿ.ಪಿ. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಒತ್ತಿ ಹೇಳುತ್ತೇನೆ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಬಿ.ಪಿ. ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಭುಜಕ್ಕೂ ಮೊಣಕೈಗೂ ನಟ್ಟನಡುವೆ ತೋಳಿನ ಸುತ್ತಳತೆ ನೋಡಿ. 33 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ನಿಮಗೆ ದೊಡ್ಡ ಪಟ್ಟಿ ಬೇಕು. ಒಳಗಿನ ಗಾಳಿಚೀಲ ತೋಳನ್ನು ಮುಕ್ಕಾಲಿಗಿಂತ ಜಾಸ್ತಿ ಸುತ್ತಬೇಕು. ಪಟ್ಟಿ ಚರ್‍ರೆಂದು ಬಿಚ್ಚಿಕೊಳ್ಳುತ್ತಿದ್ದರೆ, ನರ್ಸ್ ಅದನ್ನು ಕೈಯಿಂದ ಒತ್ತಿ ಹಿಡಿದು ನೋಡುತ್ತಿದ್ದರೆ, ಆ ಅಂಕಿ ನಂಬುವಂಥದ್ದಲ್ಲ. "ದೊಡ್ಡ ಪಟ್ಟಿ ಇದೆಯಾ?" ಎಂದು ಕೇಳಿ. ಇಲ್ಲದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ದೊಡ್ಡ ಪಟ್ಟಿ ಇರುವ ಬಿ.ಪಿ. ಯಂತ್ರವನ್ನೇ ಕೊಂಡು, ತಪಾಸಣೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ. ತಪ್ಪು ಅಂಕಿಯಿಂದ ಬೇಡದ ಮಾತ್ರೆ, ಬೇಡದ ಅವಸರ ಎರಡೂ ಬರುತ್ತವೆ.

ಹಾಗಂತ ಬಿ.ಪಿ.ಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರಿಯಾದ ಪಟ್ಟಿಯಲ್ಲಿ 140/90 ಮುಟ್ಟಿದರೆ ಅದೇ ದಿನ ವೈದ್ಯರನ್ನು ಕಾಣಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಮತ್ತು ಕೈ ಏಕಾಏಕಿ ಬಾವು, ಕೂಸಿನ ಚಲನೆ ಕಡಿಮೆಯಾಗುವುದು, ರಕ್ತ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಹೊರಡಿ. ಬಿ.ಪಿ. ಏರುವ ಸಾಧ್ಯತೆ ಇರುವವರಿಗೆ 12 ವಾರದ ನಂತರ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ನಿಮಗೆ ಬೇಕಾ ಎಂದು ವೈದ್ಯರನ್ನೇ ಕೇಳಿ, ನೀವಾಗಿ ನುಂಗಬೇಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸಾದರೂ ಬಿಡಿ.

3. ಊಟ ಮತ್ತು ನಡಿಗೆ

ಬಸುರಿಯಲ್ಲಿ ತೂಕ ಇಳಿಸುವ ಪಥ್ಯ ಬೇಡ. ಬಿ.ಎಂ.ಐ. 30 ದಾಟಿದವರಿಗೆ ಒಟ್ಟು ಒಂಬತ್ತು ತಿಂಗಳಲ್ಲಿ 5ರಿಂದ 9 ಕೆಜಿ ಏರಿದರೆ ಸಾಕು. 25ರಿಂದ 30ರ ನಡುವೆ ಇರುವವರಿಗೆ 7ರಿಂದ 11.5 ಕೆಜಿ. "ಇಬ್ಬರ ಊಟ ಮಾಡಬೇಕು" ಎಂಬ ಮಾತನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಪಾಲಿಸಬೇಡಿ.

ನಮ್ಮ ತಾಟಿನಲ್ಲೇ ಬೇಕಾದ್ದೆಲ್ಲ ಇದೆ. ಜೋಳದ ರೊಟ್ಟಿ, ಮಡಿಕೆಕಾಳು ಇಲ್ಲವೇ ಹೆಸರುಕಾಳಿನ ಪಲ್ಲೆ, ಮೆಂತ್ಯ ಸೊಪ್ಪು, ಮೊಸರು, ಸ್ವಲ್ಪ ಶೇಂಗಾ ಚಟ್ನಿ. ರೊಟ್ಟಿ ಒಂದು ಕಡಿಮೆ ಮಾಡಿ, ಪಲ್ಲೆ ಎರಡು ಸೌಟು ಜಾಸ್ತಿ ಹಾಕಿಕೊಳ್ಳಿ. ತೊಂದರೆ ಇರುವುದು ಕುಬಸದ (ಸೀಮಂತದ) ಸಮಯದಲ್ಲಿ. ಬಂದವರೆಲ್ಲ ಕುಂದಾ, ಕರದಂಟು, ಹೋಳಿಗೆ ತರುತ್ತಾರೆ. ಅದು ಬರುವುದು ಸರಿಯಾಗಿ ಏಳನೇ ತಿಂಗಳ ಹೊತ್ತಿಗೆ, ಸಕ್ಕರೆ ಏರುವ ಕಾಲಕ್ಕೇ. ರುಚಿ ನೋಡಿ, ಉಳಿದದ್ದು ಹಂಚಿ.

ದಿನಕ್ಕೆ ಅರ್ಧ ತಾಸು ನಡೆಯಿರಿ. ವಿಜಯಪುರ, ಬಾಗಲಕೋಟೆ ಬಿಸಿಲಿನಲ್ಲಿ ಬೆಳಗಿನ ಏಳರೊಳಗೆ ಮುಗಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಹುಸಿ ನೋವು ಬರಬಹುದು. ಮಜ್ಜಿಗೆ ಜೊತೆಗಿರಲಿ.

4. ಆಸ್ಪತ್ರೆ ಆಯ್ಕೆ: ಎಲ್ಲಕ್ಕಿಂತ ದೊಡ್ಡ ತೀರ್ಮಾನ

ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ಕೆ.ಎಲ್.ಇ., ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಿ.ಎಲ್.ಡಿ.ಇ., ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಕುಮಾರೇಶ್ವರ ಆಸ್ಪತ್ರೆ. ಇಂಥ ದೊಡ್ಡ ಆಸ್ಪತ್ರೆಗಳನ್ನು ಮೊದಲು ನೋಡಿ. ಓಣಿಯ ಸಣ್ಣ ನರ್ಸಿಂಗ್ ಹೋಂನ ಡಾಕ್ಟರ್ ಎಷ್ಟೇ ಒಳ್ಳೆಯವರಿರಲಿ, ಅರಿವಳಿಕೆ ವೈದ್ಯರು ಬೇರೆ ಕಡೆಯಿಂದ ಬರಬೇಕಾದರೆ ಅದು ನಿಮಗೆ ತಕ್ಕ ಜಾಗವಲ್ಲ. ತೂಕ ಜಾಸ್ತಿ ಇದ್ದಾಗ ತುರ್ತು ಸಿಸೇರಿಯನ್‌ಗೆ ತಯಾರಿಯೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಎಂಟನೇ ತಿಂಗಳೊಳಗೆ ಹೋಗಿ ಇವಿಷ್ಟು ಕೇಳಿ:

- ಅರಿವಳಿಕೆ ವೈದ್ಯರು ರಾತ್ರಿಯೂ ಒಳಗೇ ಇರುತ್ತಾರಾ? ರಕ್ತ ಸಿಗುತ್ತಾ? ಕೂಸಿಗೆ ಐ.ಸಿ.ಯು. ಇದೆಯಾ?
- ಹೆರಿಗೆ ಮಂಚ, ಆಪರೇಶನ್ ಟೇಬಲ್ ಎಷ್ಟು ತೂಕ ತಡೆಯುತ್ತವೆ? ನಾಚಿಕೆ ಪಡದೆ ಕೇಳಿ.
- ನೋವಿನ ಸಮಯದಲ್ಲಿ ಎದ್ದು ಓಡಾಡಲು, ಪಕ್ಕಕ್ಕೆ ಮಲಗಿ ಹಡೆಯಲು ಬಿಡುತ್ತೀರಾ?
- ಒಬ್ಬ ಹೆಂಗಸು ಜೊತೆಗಿರಬಹುದಾ? ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಲು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ.
- ಕೂಸಿನ ಎದೆಬಡಿತ ಹೇಗೆ ನೋಡುತ್ತೀರಿ?

ಕೊನೆಯ ಪ್ರಶ್ನೆಗೆ ಸ್ವಲ್ಪ ವಿವರಣೆ ಬೇಕು. ಸಿ.ಟಿ.ಜಿ. ಅಂದರೆ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಎದೆಬಡಿತ, ನೋವು ಎರಡನ್ನೂ ಕಾಗದದ ಮೇಲೆ ಬರೆಯುವ ಯಂತ್ರ. ಹೊಟ್ಟೆ ದೊಡ್ಡದಿದ್ದರೆ ಬೆಲ್ಟ್ ಜಾರುತ್ತದೆ, ಗೆರೆ ಕಡಿದು ಕಡಿದು ಬರುತ್ತದೆ. ಆಗ ನಿಮ್ಮನ್ನು ಅಂಗಾತ ಮಲಗಿಸಿ ಅಲುಗಾಡಬೇಡಿ ಅನ್ನುತ್ತಾರೆ. ಅದರ ಬದಲು ಕೈಯಲ್ಲಿ ಹಿಡಿಯುವ ಡಾಪ್ಲರ್ ಎಂಬ ಸಣ್ಣ ಯಂತ್ರದಿಂದ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ ನೋಡುವ ಪದ್ಧತಿಯೂ ಇದೆ. ಬೇರೆ ತೊಂದರೆ ಇಲ್ಲದಿದ್ದರೆ ಇದು ಸಾಕಾ ಎಂದು ಕೇಳಿ. ನಿಮಗೆ ಸಿ.ಟಿ.ಜಿ.ಯೇ ಬೇಕು ಅಂದರೆ, ಕೂತಿರುವಾಗ ಇಲ್ಲವೇ ಪಕ್ಕಕ್ಕೆ ಮಲಗಿರುವಾಗ ಯಾರಾದರೂ ಅದನ್ನು ಕೈಯಿಂದ ಹಿಡಿದುಕೊಳ್ಳಬಹುದು.

ದಾರಿ ಯೋಚಿಸಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಅಲ್ಲಿಗೆ ಹೋದ ಮೇಲೆ ಆಸ್ಪತ್ರೆ ಹುಡುಕಲು ಶುರು ಮಾಡಿದರೆ ತಡವಾಗುತ್ತದೆ. ಹೊರಡುವ ಮೊದಲೇ ಆ ಊರಿನ ಆಸ್ಪತ್ರೆ ಗೊತ್ತು ಮಾಡಿ, ಸ್ಕ್ಯಾನಿಂಗ್ ಕಾಗದ, ತಾಯಿ ಕಾರ್ಡ್ ಎಲ್ಲ ಒಂದು ಫೈಲಿನಲ್ಲಿ ಹಾಕಿ. ಜಿಲ್ಲೆಯ ಗಡಿ ನೋಡಬೇಡಿ, ದೂರ ನೋಡಿ. ಅಥಣಿ, ಜಮಖಂಡಿಯವರಿಗೆ ಅವರ ಜಿಲ್ಲಾ ಕೇಂದ್ರಕ್ಕಿಂತ ವಿಜಯಪುರ ಹತ್ತಿರ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಗೋಕಾಕ, ಅಥಣಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಹಿಂದೆ ಗಾಡಿ ಸಿಕ್ಕಿಕೊಳ್ಳುತ್ತದೆ, ರಾತ್ರಿ ಇನ್ನೂ ಜಾಸ್ತಿ. ಆ ತಿಂಗಳುಗಳಲ್ಲಿ ದಿನ ತುಂಬುವವರು ಒಂದು ತಾಸು ಮೊದಲೇ ಹೊರಡುವ ಲೆಕ್ಕ ಇಟ್ಟುಕೊಳ್ಳಿ. 108 ಜೊತೆಗೆ ಪರಿಚಯದ ಒಂದು ಗಾಡಿಯ ನಂಬರ್ ಕೂಡ ಇರಲಿ.

5. ಅರಿವಳಿಕೆ ವೈದ್ಯರನ್ನು ಮೊದಲೇ ಭೇಟಿಯಾಗಿ

"ನಾನು ಇಂಜೆಕ್ಷನ್ನೇ ಬೇಡ ಅಂತೀನಿ, ಅವರನ್ನು ಯಾಕೆ ನೋಡಬೇಕು?" ಅನ್ನಿಸಬಹುದು. ತೂಕ ಜಾಸ್ತಿ ಇದ್ದಾಗ ಬೆನ್ನಿನ ಮೂಳೆಯ ಸಂದು ಹುಡುಕುವುದು ಕಷ್ಟ, ಕೈಯ ನರ ಸಿಗುವುದೂ ಕಷ್ಟ. ಬಿ.ಎಂ.ಐ. 40 ದಾಟಿದವರಂತೂ ಈ ಭೇಟಿ ಬಿಡಬಾರದು. ನಿಮ್ಮ ಬೆನ್ನು, ಕುತ್ತಿಗೆ, ಉಸಿರಾಟ ಅವರು ಮೊದಲೇ ನೋಡಿ ಕಾಗದದಲ್ಲಿ ಬರೆದರೆ ತುರ್ತಿನಲ್ಲಿ ಗಾಬರಿ ಇರುವುದಿಲ್ಲ. ಹೆರಿಗೆ ಕೋಣೆಗೆ ಹೋದ ಕೂಡಲೇ ಕೈಗೆ ಸೂಜಿ ಕೂರಿಸಲು ಒಪ್ಪಿಕೊಳ್ಳಿ. ಅದಕ್ಕೆ ಸಲೈನ್ ಜೋಡಿಸಲೇಬೇಕು ಅಂತಿಲ್ಲ. ಸೂಜಿಗೆ ಮುಚ್ಚಳ ಹಾಕಿಕೊಂಡು ಓಡಾಡಬಹುದು.

6. ಒಂದೇ ಪುಟದ ಹೆರಿಗೆ ಯೋಜನೆ ಬರೆಯಿರಿ

ಕನ್ನಡದಲ್ಲೇ ಬರೆಯಿರಿ, ದೊಡ್ಡ ಅಕ್ಷರದಲ್ಲಿ. ವೈದ್ಯರಿಗೆ 36ನೇ ವಾರದಲ್ಲಿ ತೋರಿಸಿ ಸಹಿ ಕೇಳಿ, ಫೈಲಿನ ಮೇಲ್ಭಾಗದಲ್ಲಿ ಅಂಟಿಸಿ.

ಬೇಡ ಅನ್ನಬಹುದಾದವು: ಕೇಳದೆ ಕೊಡುವ ನೋವಿನ ಇಂಜೆಕ್ಷನ್, "ದಾರಿ ಬಿಡಿಸುವ" ಇಂಜೆಕ್ಷನ್ (ಸಾಮಾನ್ಯವಾಗಿ ಡ್ರೋಟಾವೆರಿನ್), ಕಾರಣ ಹೇಳದೆ ಸಲೈನ್‌ನಲ್ಲಿ ನೋವು ಏರಿಸುವ ಆಕ್ಸಿಟೋಸಿನ್, ಎಲ್ಲರಿಗೂ ಮಾಡುವ ಎನಿಮಾ (ಹೊಟ್ಟೆ ಖಾಲಿ ಮಾಡಿಸಲು ಹಿಂದಿನಿಂದ ನೀರು ಬಿಡುವುದು), ಅಗತ್ಯವಿಲ್ಲದೆ ಕೆಳಗೆ ಕತ್ತರಿಸುವುದು, ಕೂಸು ಹೊರಬರಲು ಮೇಲಿನಿಂದ ಹೊಟ್ಟೆ ಒತ್ತುವುದು. ಹೊಟ್ಟೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದೇ ಹೇಳಿದೆ.

ಬೇಡ ಅನ್ನಲೇಬಾರದ ಒಂದು ಇದೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಯ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್. ಅದು ನೋವಿನ ಔಷಧಿ ಅಲ್ಲ, ಗರ್ಭಕೋಶ ಕುಗ್ಗಿಸಿ ರಕ್ತ ನಿಲ್ಲಿಸುವ ಔಷಧಿ. ತೂಕ ಇರುವವರಲ್ಲಿ ರಕ್ತಸ್ರಾವ ಜಾಸ್ತಿ ಆಗುತ್ತದೆ. "ಔಷಧಿ ಇಲ್ಲದ ಹೆರಿಗೆ" ಎಂದು ಇದನ್ನೂ ನಿರಾಕರಿಸಿದರೆ ಜೀವಕ್ಕೆ ಅಪಾಯ. ಕೂಸಿನ ವಿಟಮಿನ್ ಕೆ ಇಂಜೆಕ್ಷನ್ ಕೂಡ ಹಾಗೆಯೇ, ಬೇಕೇ ಬೇಕು.

ಹೆರಿಗೆ ದಿನಕ್ಕೆ ಮೊದಲೇ ನೋವು ಬರಿಸೋಣ ಎಂದು ವೈದ್ಯರು ಹೇಳಿದರೆ ಮೂರು ಕೇಳಿ: ಕಾರಣ ಏನು, ಕಾದರೆ ಏನಾಗಬಹುದು, ಗರ್ಭದ ಬಾಯಿ ಮೆತ್ತಗಾಗಿದೆಯಾ. ಸಕ್ಕರೆ, ಬಿ.ಪಿ. ಇದ್ದರೆ ಅವರ ಮಾತಿನಲ್ಲಿ ತೂಕವಿರುತ್ತದೆ, ಒಪ್ಪಿಕೊಳ್ಳಿ. ಬರೀ "ಕೂಸು ದೊಡ್ಡದು" ಅಂದರೆ ಇನ್ನೊಮ್ಮೆ ಕೇಳಿ. ಸ್ಕ್ಯಾನಿಂಗ್‌ನ ತೂಕ ಅಂದಾಜು ನೂರಕ್ಕೆ ಹತ್ತರಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೂ ಆಚೀಚೆ ಆಗುತ್ತದೆ. 3.5 ಕೆಜಿ ಅಂದರೆ 3.1 ಇರಬಹುದು, 3.9 ಇರಬಹುದು.

ಮನೆಯಲ್ಲಿ ಹರಳೆಣ್ಣೆ ಕುಡಿಸಿ ನೋವು ಬರಿಸುವುದು, ಊರಿನ ಕಾಂಪೌಂಡರ್ ಕೈಯಿಂದ "ಬ್ಯಾನಿ ಇಂಜೆಕ್ಷನ್" ಹಾಕಿಸುವುದು ಎರಡೂ ಬೇಡ. ಇಂಜೆಕ್ಷನ್ನಿಂದ ಗರ್ಭಕೋಶವೇ ಹರಿದು ತಾಯಿ, ಕೂಸು ಇಬ್ಬರನ್ನೂ ಕಳೆದುಕೊಳ್ಳಬಹುದು.

7. ಜೊತೆಗಾರ್ತಿಯನ್ನು ತಯಾರು ಮಾಡಿ

ಅವ್ವ, ಅಕ್ಕ, ಅತ್ತೆ, ಯಾರಾದರೂ ಸರಿ. ಹಡೆದ ಅನುಭವ ಇರಬೇಕು, ನಿಮ್ಮ ನೋವು ನೋಡಿ ತಾನೇ ಅಳುವವರಾಗಿರಬಾರದು. ಒಂಬತ್ತನೇ ತಿಂಗಳಲ್ಲಿ ವಾರಕ್ಕೆ ಎರಡು ಮೂರು ಸಲ ಅಭ್ಯಾಸ ಮಾಡಿ.

ಮುಖ್ಯವಾಗಿ ಕಲಿಸಬೇಕಾದದ್ದು ಬೆನ್ನು ಒತ್ತುವುದು. ನೀವು ಮೇಜಿಗೆ ಕೈಯೂರಿ ಮುಂದಕ್ಕೆ ಬಾಗಿ ನಿಲ್ಲಿ. ಸೊಂಟದ ಕೆಳಗೆ, ಕುಂಡೆಯ ಸೀಳು ಶುರುವಾಗುವ ಜಾಗದ ಸ್ವಲ್ಪ ಮೇಲೆ ಚಪ್ಪಟೆ ಮೂಳೆ ಇದೆ. ಜೊತೆಗಾರ್ತಿ ಅಂಗೈಯ ಬುಡವನ್ನು ಅಲ್ಲಿಟ್ಟು, ಮೊಣಕೈ ಮಡಿಸದೆ, ಮೈಭಾರ ಹಾಕಿ ನೇರವಾಗಿ ಒತ್ತಬೇಕು. ನೋವು ಶುರುವಾದಾಗ ಒತ್ತು, ಇಳಿದಾಗ ಸಡಿಲ. ಮೈ ತುಂಬಿದವರಿಗೆ ಮೆಲ್ಲಗೆ ಸವರಿದರೆ ಏನೂ ಗೊತ್ತಾಗುವುದಿಲ್ಲ, ಗಟ್ಟಿಯಾಗಿಯೇ ಒತ್ತಬೇಕು. ಬಿಸಿನೀರಿನ ಚೀಲ, ಸೊಂಟದ ಮೇಲೆ ಧಾರೆಯಾಗಿ ಬಿಸಿನೀರು, ಬಾಯಿಯಿಂದ ಉದ್ದಕ್ಕೆ ಬಿಡುವ ಉಸಿರು, ಇವೂ ಕೆಲಸ ಮಾಡುತ್ತವೆ.

ಭಂಗಿಗಳಲ್ಲಿ ನಿಮಗೆ ಎರಡು ಒಳ್ಳೆಯವು. ಮೊಣಕಾಲು ಮತ್ತು ಕೈ ಊರಿ ಕೂರುವುದು ಒಂದು. ಎಡಕ್ಕೆ ಮಲಗಿ ಮೇಲಿನ ಕಾಲನ್ನು ಜೊತೆಗಾರ್ತಿ ಎತ್ತಿ ಹಿಡಿಯುವುದು ಇನ್ನೊಂದು. ಕುಕ್ಕರಗಾಲಿನಲ್ಲಿ ಕೂರುವುದು ಮೊಣಕಾಲಿಗೆ ಭಾರ, ಬಲವಂತ ಬೇಡ. ಅಂಗಾತ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಕೂಸಿಗೆ ರಕ್ತ ಕಡಿಮೆಯಾಗುತ್ತದೆ.

8. ನೋವು ಶುರುವಾದಾಗ

ಐದು ನಿಮಿಷಕ್ಕೊಮ್ಮೆ ನೋವು ಬಂದು, ಪ್ರತಿ ಸಲ ಸುಮಾರು ಒಂದು ನಿಮಿಷ ಇದ್ದು, ಹೀಗೆ ಒಂದು ತಾಸು ನಡೆದರೆ ಆಸ್ಪತ್ರೆಗೆ ಹೊರಡಿ. ಹಳ್ಳಿ ದೂರವಿದ್ದರೆ ಹತ್ತು ನಿಮಿಷಕ್ಕೊಮ್ಮೆ ಬರುವಾಗಲೇ ಹೊರಡಿ. ನೀರು ಒಡೆದರೆ, ಅದರಲ್ಲೂ ಹಸಿರಾಗಿದ್ದರೆ, ಕಾಯಬೇಡಿ. ಅಲ್ಲಿಯವರೆಗೆ ಮನೆಯಲ್ಲಿ ಗಂಜಿ, ಮಜ್ಜಿಗೆ ಕುಡಿದು ಓಡಾಡಿ, ನಿದ್ದೆ ಬಂದರೆ ಮಲಗಿ.

ತೂಕ ಜಾಸ್ತಿ ಇರುವವರಲ್ಲಿ ಗರ್ಭದ ಬಾಯಿ ತೆರೆಯುವುದು ನಿಧಾನ, ಅದರಲ್ಲೂ ಮೊದಲ ಆರು ಸೆಂಟಿಮೀಟರ್‌ವರೆಗೆ. ಇದು ನಿಮ್ಮ ದೋಷ ಅಲ್ಲ, ದೇಹದ ರೀತಿ. ತಾಸಿಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಬಿಟ್ಟಿದೆ. ಜೋರು ಹಂತ ಶುರುವಾಗುವುದು 5 ಸೆಂಟಿಮೀಟರ್‌ನಿಂದ, ಅಲ್ಲಿಂದ ಚೊಚ್ಚಲಿಗೆ 12 ತಾಸಿನವರೆಗೂ ಆಗಬಹುದು ಎನ್ನುತ್ತದೆ ಅದು. "ಮುಂದೆ ಹೋಗುತ್ತಿಲ್ಲ" ಅಂದರೆ ಜೊತೆಗಾರ್ತಿ ಕೇಳಬೇಕಾದ ಪ್ರಶ್ನೆ: "ಕೂಸಿನ ಎದೆಬಡಿತ ಚೆನ್ನಾಗಿದೆಯಾ? ಇದ್ದರೆ ಇನ್ನೆಷ್ಟು ಹೊತ್ತು ಕಾಯಬಹುದು?" ಎದೆಬಡಿತ ಸರಿ ಇಲ್ಲ ಅಂದರೆ ವಾದ ಬೇಡ. ತೂಕ ಇರುವವರಿಗೆ ಕೊನೆ ಗಳಿಗೆಯ ಆಪರೇಶನ್‌ಗಿಂತ ಅರ್ಧ ತಾಸು ಮೊದಲಿನ ಆಪರೇಶನ್ ಎಷ್ಟೋ ಸುರಕ್ಷಿತ.

ನಡುವೆ ನೋವು ತಡೆಯಲಾಗದೆ ಔಷಧಿ ಕೇಳಿದರೆ ಅದು ಸೋಲಲ್ಲ. ಯೋಜನೆಯ ಪುಟದಲ್ಲೇ ಒಂದು ಸಾಲು ಬರೆದಿಡಿ: "ನಾನು ಎರಡು ಸಲ ಕೇಳಿದರೆ ಕೊಡಿ."

ತಲೆ ಬಂದು ಭುಜ ಸಿಕ್ಕಿಕೊಂಡರೆ ಸಿಬ್ಬಂದಿ ನಿಮ್ಮನ್ನು ಅಂಗಾತ ಮಲಗಿಸಿ ಮೊಣಕಾಲುಗಳನ್ನು ಹೊಟ್ಟೆಯ ಕಡೆ ಎಳೆಯಲು ಹೇಳುತ್ತಾರೆ. ಆ ಕ್ಷಣ ಭಂಗಿಯ ಆಸೆ ಬಿಟ್ಟು ಹೇಳಿದಂತೆ ಮಾಡಿ.

9. ಹಡೆದ ಮೇಲೆ

ಕೂಸನ್ನು ಬರಿ ಎದೆಯ ಮೇಲೆ ಹಾಕಿಸಿಕೊಳ್ಳಿ. ತೂಕ ಜಾಸ್ತಿ ಇರುವವರಿಗೆ ಹಾಲು ತುಂಬಿ ಬರುವುದು ಒಂದೆರಡು ದಿನ ತಡವಾಗಬಹುದು. ಡಬ್ಬಿ ಹಾಲಿಗೆ ಅವಸರ ಬೇಡ, ಮೇಲಿಂದ ಮೇಲೆ ಕುಡಿಸಿ. ಕೂಸಿನ ಕಾಲು ನಿಮ್ಮ ಬೆನ್ನ ಕಡೆಗೆ ಬರುವಂತೆ ಕಂಕುಳ ಕೆಳಗೆ ಹಿಡಿದರೆ ದೊಡ್ಡ ಎದೆಯವರಿಗೆ ಸುಲಭ. ಹಡೆದು ಆರು ತಾಸಾದರೂ ನೀವು, 24 ತಾಸಾದರೂ ಕೂಸು ಒಮ್ಮೆಯೂ ಉಚ್ಚೆ ಹೋಗದಿದ್ದರೆ ನರ್ಸ್‌ಗೆ ಹೇಳಿ.

ಬಾಣಂತನದಲ್ಲಿ ನಲವತ್ತು ದಿನ ಹೊರಸಿನಿಂದ ಇಳಿಯಬೇಡ ಅನ್ನುವ ಮನೆಗಳಿವೆ. ನಿಮಗೆ ಅದು ಅಪಾಯ. ಅದೇ ದಿನ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಮಲಗಿದಾಗ ಪಾದ ಆಡಿಸಿ. ಒಂದೇ ಕಾಲು ಬಾತು ನೋಯುವುದು, ಏಕಾಏಕಿ ಉಸಿರು ಕಟ್ಟುವುದು ಹೆಪ್ಪುಗಟ್ಟಿದ ಲಕ್ಷಣ, ಕೂಡಲೇ ಆಸ್ಪತ್ರೆಗೆ ಹೋಗಿ. ಅಂಟಿನುಂಡೆ ದಿನಕ್ಕೊಂದು ಸಾಕು.

ಬಸುರಿಯಲ್ಲಿ ಸಕ್ಕರೆ ಇದ್ದವರು ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಕೂಸಿನ ಆರನೇ ವಾರದ ಲಸಿಕೆಯೂ ಅದೇ ಹೊತ್ತಿಗೆ ಬರುತ್ತದೆ. ಆಶಾಗೆ ಮೊದಲೇ ಹೇಳಿ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಹೋಗಿ, ಬುತ್ತಿ ಜೊತೆಗೆ ತೆಗೆದುಕೊಂಡು ಹೋಗಿ.